ಬಿಸಿನೀರಮ್ಮ ಐಸು ತೊಳೆದ ಬೇಸಿಗೆ

ನಮ್ಮ ದೊಡ್ಡಮ್ಮನ ಮನೆಯಲ್ಲಿ ಯಾರಿಗೂ ಬಾಯಾರಿದ ತಕ್ಷಣ ನೀರು ಸಿಕ್ಕಿದ್ದಿಲ್ಲ. ನೀರು ಕೇಳಿದರೆ ಮೊದಲು ಲೋಟ ತೊಳೆಯುತ್ತಿದ್ದಳು. ತೊಳೆದ ಲೋಟಕ್ಕೆ ಬಿಸಿನೀರು ಹುಯ್ದು ಚೆಲ್ಲುತ್ತಿದ್ದಳು. ಆಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕುತ್ತಿದ್ದಳು. ಅಷ್ಟು ಹೊತ್ತಿಗೆ ಕೇಳಿದವರ ಬಾಯಾರಿಕೆ ಅರ್ಧ ಹೋಗಿರುತ್ತಿತ್ತು. ಕೊನೆಗೆ ಕೈಗೆ ಬರುತ್ತಿದ್ದುದು ಉಗುರುಬೆಚ್ಚಗಿನ, ಒಂಚೂರು ಹೊಗೆ ವಾಸನೆಯ, ಹೆಸರಿಗೆ ಮಾತ್ರ ನೀರು ಅನ್ನಿಸಿಕೊಳ್ಳುವ ನೀರು. ಬೀದಿಯವರು ಅವಳಿಗೆ ಬಿಸಿನೀರಮ್ಮ ಎಂದು ಹೆಸರಿಟ್ಟಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು.

ಅವಳು ನನ್ನ ಅಮ್ಮನ ಅಕ್ಕ. ನಮ್ಮ ಮನೆ, ಅವಳ ಮನೆ ಎದುರುಬದುರು. ಓಣಿ ಎಷ್ಟು ಕಿರಿದೆಂದರೆ ಅವರ ಮನೆಯ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ನಾನೂ ಅವಳೂ ಕೆಲಸಕ್ಕೆ ಹೋಗುತ್ತಿದ್ದುದು ಒಂದೇ ಹೊಲಿಗೆ ಕಾರ್ಖಾನೆಗೆ. ನಾನು ಅಂಗಿಗಳ ಗುಂಡಿತೂತಿಗೆ ಕಾಜಾ ಹಾಕುವ ಯಂತ್ರದ ಮುಂದೆ ಕೂರುವವಳು. ಅವಳದು ನೀರಿನ ಕೆಲಸ. ಗುಡಿಸುವುದು, ಒರೆಸುವುದು ಎಂದು ಸೇರಿಕೊಂಡವಳು, ಬಂದ ಹೊಸದರಲ್ಲೇ ಅಲ್ಲಿನ ನಲ್ಲಿ ನೀರನ್ನು ಮೂಸಿ ನೋಡಿ, "ಇದನ್ನ ಹಸೀದಾಗಿ ಕುಡೀತೀರಾ? ನಿಮ್ಮನ್ನ ಹೆತ್ತವರಿಗೆ ನೀವು ಬೇಡವಾಗಿದ್ರಾ?" ಎಂದು ಕೇಳಿ, ಹಿಂದಿನ ಚಪ್ಪರದಲ್ಲಿ ಒಲೆ ಹೂಡಿಸಿಯೇ ಬಿಟ್ಟಿದ್ದಳು. ಅಂದಿನಿಂದ ಅಲ್ಲಿ ಹೊಲಿಯುವವರು, ಕತ್ತರಿಸುವವರು, ಗುಂಡಿ ಹಚ್ಚುವವರು, ಎಲ್ಲರೂ ಅವಳು ಕುದಿಸಿದ್ದನ್ನೇ ಕುಡಿಯಬೇಕು. ಬೇರೆ ಕಡೆ ಕುಡಿದವರಿಗೆ ಮಂಗಳಾರತಿ ತಪ್ಪಿದ್ದಲ್ಲ.

ಇಷ್ಟು ಭಯ ಅವಳಿಗೆ ಸುಮ್ಮನೆ ಬಂದದ್ದಲ್ಲ. ಅವಳ ಚೊಚ್ಚಲ ಮಗಳು, ಇನ್ನೂ ತೊದಲು ಮಾತಾಡುತ್ತಿದ್ದ ಕೂಸು, ಒಂದು ವರ್ಷ ಹೊಳೆಗೆ ಪ್ರವಾಹ ಬಂದು ಇಳಿದ ವಾರ ವಾಂತಿ ಭೇದಿಯಾಗಿ ಹೋಗಿಬಿಟ್ಟಿತು. ಬೆಳಿಗ್ಗೆ ಆಡುತ್ತಿದ್ದದ್ದು ಸಂಜೆಗೆ ಇರಲಿಲ್ಲ. ಕೊನೆಗೆ ಕಣ್ಣೀರು ಬರಲೂ ಮಗುವಿನ ಮೈಯಲ್ಲಿ ನೀರಿರಲಿಲ್ಲ ಎಂದು ಅಮ್ಮ ಒಮ್ಮೆ ನನಗೆ ಹೇಳಿ, ಇನ್ನು ಈ ಮಾತು ಎತ್ತಬೇಡ ಎಂದಿದ್ದಳು. ಎಲ್ಲರ ಕಣ್ಣಿಗೆ ನೀರಾಗಿ ಕಾಣುವುದು ದೊಡ್ಡಮ್ಮನ ಕಣ್ಣಿಗೆ ಆ ಸಂಜೆಯಾಗಿ ಕಾಣುತ್ತಿತ್ತು. ನಾವು ನಗುತ್ತಿದ್ದೆವು. ಅವಳು ಕುದಿಸುತ್ತಿದ್ದಳು.

ಕುದಿಸುವುದು ಕಷ್ಟವಲ್ಲ, ಆರಿಸುವುದು ಕಷ್ಟ. ಅವಳದೊಂದು ಕ್ರಮವಿತ್ತು. ಸಂಜೆ ಹಂಡೆ ಏರಿಸಿ, ಮುಚ್ಚಳ ತಾನಾಗಿ ಕುಣಿಯುವವರೆಗೆ ಕುದಿಸಿ, ಮಣ್ಣಿನ ಹೂಜಿಗಳಿಗೆ ತುಂಬಿ, ಅವುಗಳಿಗೆ ಒದ್ದೆ ಬಟ್ಟೆ ಸುತ್ತಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುವಳು. ರಾತ್ರಿಯ ಗಾಳಿ ಉಳಿದ ಕೆಲಸ ಮಾಡುತ್ತಿತ್ತು. ಬೆಳಿಗ್ಗೆ ಹೂಜಿಗೆ ಕೈಯಿಟ್ಟರೆ ತಂಪು. ನಾನು ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಆ ಹೂಜಿಗೆ ಕೆನ್ನೆ ಒತ್ತಿಕೊಂಡು ನಿಂತು ಬೈಸಿಕೊಂಡದ್ದುಂಟು.

ಆಮೇಲೆ ಬೇಸಿಗೆಗಳು ಬದಲಾದವು. ಒಂದೇ ಸಲಕ್ಕಲ್ಲ, ಬಾಡಿಗೆಗೆ ಬಂದವರು ಒಂದೊಂದೇ ಸಾಮಾನು ತಂದು ಕೊನೆಗೆ ಇಡೀ ಮನೆ ತುಂಬಿಸುವ ಹಾಗೆ. ಮೊದಲು ಬಿಸಿಲು ಬೇಗ ಬರತೊಡಗಿತು. ಮುಂದೆ ಹೋಗುವುದನ್ನು ಮರೆಯಿತು. ಕೊನೆಗೆ ರಾತ್ರಿಗಳೂ ಕೈಕೊಟ್ಟವು. ಕತ್ತಲಾದರೂ ಗೋಡೆ ಮುಟ್ಟಿದರೆ ಇಸ್ತ್ರಿ ಮಾಡಿದ ಬಟ್ಟೆ ಮುಟ್ಟಿದಂತೆ. ಬೆಳಿಗ್ಗೆ ದೊಡ್ಡಮ್ಮನ ಹೂಜಿಯ ನೀರು ಸಂಜೆ ಹೇಗಿತ್ತೋ ಹಾಗೇ. ಊರಾಚೆಯ ಹೊಳೆ ಸೊರಗಿ ಸೊರಗಿ, ಚರಂಡಿ ನೀರು ಬಂದು ಸೇರುವ ಕಡೆ ಮಾತ್ರ ಹೊಳೆಯೆಂದು ಗೊತ್ತಾಗುವ ಸ್ಥಿತಿಗೆ ಬಂದಿತ್ತು. ನಮ್ಮ ನಲ್ಲಿಗಳಿಗೆ ಬರುತ್ತಿದ್ದುದೂ ಅದೇ ಹೊಳೆಯ ನೀರು. ದೊಡ್ಡಮ್ಮ ಇನ್ನೂ ಹೆಚ್ಚು ಹೊತ್ತು ಕುದಿಸತೊಡಗಿದಳು. ನಾವು ಇನ್ನೂ ಬಿಸಿಯಾದದ್ದನ್ನು ಕುಡಿಯತೊಡಗಿದೆವು.

ನಾನು ಹೇಳಬೇಕೆಂದಿರುವ ಬೇಸಿಗೆಯಲ್ಲಿ ನಮ್ಮ ಅತ್ತಿಗೆ, ಅಂದರೆ ದೊಡ್ಡಮ್ಮನ ಸೊಸೆ, ಬಸುರಿ. ದೊಡ್ಡಮ್ಮನಿಗೆ ಉಳಿದಿದ್ದವನು ಒಬ್ಬನೇ ಮಗ, ಸರಕಿನ ಲಾರಿ ಓಡಿಸುವವನು, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಹಾಗಾಗಿ ಅತ್ತೆ ಸೊಸೆ ಇಬ್ಬರೇ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕು. ಅತ್ತಿಗೆ ಒಳ್ಳೆಯವಳು, ಆದರೆ ಶೆಕೆ ತಡೆಯಲಾರಳು. ಆಗ ಮಳೆಗಾಲಕ್ಕೆ ಇನ್ನೂ ಬಹಳ ದಿನವಿತ್ತು. ಒಂದು ಸಂಜೆ ಎಲ್ಲಿಂದಲೋ ಮೋಡ ಬಂದು, ಆಕಾಶಕ್ಕೇ ತೂತು ಬಿದ್ದಂತೆ ಸುರಿದು, ಚರಂಡಿಗಳೆಲ್ಲ ಉಕ್ಕಿ ಓಣಿಯೊಳಗೆ ಕಪ್ಪು ನೀರು ಹೊಸ್ತಿಲವರೆಗೆ ಬಂತು. ತಂಪಾಯಿತಲ್ಲ ಎಂದು ಅಮ್ಮ ಖುಷಿಪಟ್ಟಳು. ಮಾರನೆಯ ದಿನ ಬಿಸಿಲು ಮತ್ತೆ ಹಾಜರು, ಈ ಸಲ ಹಬೆಯ ಜೊತೆ. ಬೆವರು ಆರುತ್ತಿರಲಿಲ್ಲ. ಹೂಜಿಗೆ ಸುತ್ತಿದ ಒದ್ದೆ ಬಟ್ಟೆಯೂ ಆರುತ್ತಿರಲಿಲ್ಲ, ಆದ್ದರಿಂದ ಒಳಗಿನ ನೀರು ಒಂದಿಷ್ಟೂ ತಣ್ಣಗಾಗುತ್ತಿರಲಿಲ್ಲ.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ, ಆಮೇಲೆ ದೊಡ್ಡಮ್ಮನೇ ಹೇಳಿದ್ದು. ಕಾರ್ಖಾನೆಗೆ ರಜೆಯಿದ್ದ ಒಂದು ಮಧ್ಯಾಹ್ನ ಅತ್ತಿಗೆ ಉಟ್ಟ ಸೀರೆಯಲ್ಲೇ ಬರೀ ನೆಲದ ಮೇಲೆ ಮಲಗಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ದೊಡ್ಡಮ್ಮ ಕೊಟ್ಟ ಬೆಚ್ಚಗಿನ ನೀರನ್ನು ಒಂದು ಗುಟುಕು ಕುಡಿದು ವಾಂತಿ ಮಾಡಿದಳು.

"ಅತ್ತೆ, ಒಂದೇ ಒಂದು ಲೋಟ ತಣ್ಣೀರು ಕೊಡಿ. ನಲ್ಲೀದಾದ್ರೂ ಪರವಾಗಿಲ್ಲ. ನನ್ನ ಕೈಲಿ ಆಗ್ತಿಲ್ಲ" ಎಂದು ಮಗುವಿನ ಹಾಗೆ ಅತ್ತಳು.

ನಲ್ಲಿ ಎಂಬ ಮಾತು ಕೇಳಿದ್ದೇ ದೊಡ್ಡಮ್ಮ ಎದ್ದು ಹೋಗಿ ನಲ್ಲಿಯನ್ನು ಇನ್ನಷ್ಟು ಬಿಗಿಯಾಗಿ ತಿರುಗಿಸಿ ಬಂದಳು. ತಾನು ನೋಡದ ಹೊತ್ತಲ್ಲಿ ಇವಳು ನಲ್ಲಿಗೆ ಬಾಯಿಡುವುದು ಖಂಡಿತ ಎಂದುಕೊಂಡಳು. ಓಣಿಯ ಮೂಲೆಯಲ್ಲಿ ಐಸಿನ ಗಾಡಿಯೊಂದು ನಿಲ್ಲುತ್ತಿತ್ತು. ಮೀನು ಕೆಡದಂತೆ ಇಡಲು ಮಾಡುವ ದೊಡ್ಡ ದೊಡ್ಡ ಗಡ್ಡೆಗಳು, ಮೇಲೆ ಗೋಣಿ, ಗೋಣಿಯ ಕೆಳಗೆ ಮರದ ಹೊಟ್ಟು. ಆ ಶೆಕೆಯಲ್ಲಿ ಮೀನಿಗಿಂತ ಮನುಷ್ಯರೇ ಅದನ್ನು ಹೆಚ್ಚು ಒಯ್ಯುತ್ತಿದ್ದರು. ದೊಡ್ಡಮ್ಮ ಸೊಸೆಗೆ ಕಾಣದ ಹಾಗೆ ಒಂದು ತುಂಡು ತಂದಳು.

ತಂದವಳು ಸುಮ್ಮನೆ ಹಾಕಲಿಲ್ಲ, ಅವಳು ಬಿಸಿನೀರಮ್ಮ. ಐಸನ್ನು ಜಾಲರಿಯ ಮೇಲಿಟ್ಟು, ಕುದಿಸಿ ಆರಿಸಿದ ನೀರಿನಿಂದ ತೊಳೆದಳು. ಹೊಟ್ಟಿನ ಒಂದೊಂದು ಎಸಳನ್ನೂ ಉಗುರಿನಿಂದ ತೆಗೆದಳು. ಮತ್ತೆ ತೊಳೆದಳು. ಗಾಜಿನ ಹಾಗೆ ಹೊಳೆಯುವವರೆಗೆ ತೊಳೆದು, ಬೆಳಕಿಗೆ ಹಿಡಿದು ನೋಡಿ, ಹೂಜಿಯೊಳಗೆ ಬಿಟ್ಟಳು. ಅವಳ ಲೆಕ್ಕ ಸರಳವಾಗಿತ್ತು: ಅಷ್ಟು ಬೆಂಕಿಗೆ ಸಾಯುವ ಹುಳ ಅಷ್ಟು ಚಳಿಗೆ ಸಾಯದೆ ಇರುತ್ತದೆಯೇ? ಕೈಯಲ್ಲಿ ಹಿಡಿಯಲಾಗದಷ್ಟು ತಣ್ಣಗಿರುವುದರಲ್ಲಿ ಯಾವ ಜೀವ ಉಳಿದೀತು?

ಅತ್ತಿಗೆ ಗಟಗಟನೆ ಕುಡಿದಳು. ಎದ್ದು ಕೂತಳು. ಊಟ ಮಾಡಿದಳು. "ಅತ್ತೆ, ನೀವೇ ನನ್ನ ತಾಯಿ" ಎಂದಳಂತೆ.

ಆಮೇಲೆ ದಿನಾ ಅದೇ ಆಯಿತು. ಆ ಬಿಸಿಲು ಮುಗಿಯುವವರೆಗೆ ಕಾರ್ಖಾನೆಯ ಹೂಜಿಗಳಿಗೂ ಐಸು ಬಿತ್ತು. ನಾವು ಬರುವ ಮೊದಲೇ ಚಪ್ಪರದ ಹಿಂದೆ ತೊಳೆದು ಹಾಕಿ ಕರಗಿಸಿಬಿಡುತ್ತಿದ್ದಳು. ಅಷ್ಟು ವರ್ಷ ನಮ್ಮೆಲ್ಲರ ಬಾಯಿಗೆ ಬೀಗ ಹಾಕಿದ್ದವಳಿಗೆ ಗಾಡಿಯ ಐಸಿಗೆ ಮೊರೆಹೋದೆ ಎಂದು ಹೇಳಿಕೊಳ್ಳಲು ನಾಚಿಕೆ.

"ಏನು ದೊಡ್ಡಮ್ಮ, ಬಿಸಿನೀರಮ್ಮ ತಣ್ಣೀರಮ್ಮ ಆಗಿಬಿಟ್ಟಳಲ್ಲ, ಏನು ಗುಟ್ಟು?" ಎಂದು ನಾನು ಕೆಣಕಿದೆ.

"ಎರಡು ಸುತ್ತು ಬಟ್ಟೆ ಹಾಕ್ತೀನಿ ಕಣೇ. ನಿನ್ನ ಹಾಗೆ ಬಾಯಿ ಹರಕೊಂಡು ಕೂರಲ್ಲ."

ನಾವೆಲ್ಲ ಕೇಳಿ ಕೇಳಿ ಕುಡಿದೆವು. ಎಲ್ಲರಿಗಿಂತ ಹೆಚ್ಚು ಕುಡಿದವಳು ಇಸ್ತ್ರಿ ಅಕ್ಕ. ದಿನವಿಡೀ ಕಾದ ಪೆಟ್ಟಿಗೆಯ ಮುಂದೆ ನಿಲ್ಲುವವಳು, ಪಾಪ, ಹೂಜಿಯ ಪಕ್ಕದಿಂದ ಕದಲುತ್ತಲೇ ಇರಲಿಲ್ಲ.

ಬಿಸಿಲು ಒಂದಿಷ್ಟು ಇಳಿಯಿತು. ಐಸಿನ ಅಗತ್ಯ ತಪ್ಪಿತು. ವಾರಗಳು ಕಳೆದವು, ನಾವು ಅದನ್ನು ಮರೆತೂ ಬಿಟ್ಟೆವು. ಒಂದು ಬೆಳಿಗ್ಗೆ ಇಸ್ತ್ರಿ ಅಕ್ಕ ಮೇಜಿಗೆ ಒರಗಿ ನಿಂತಿದ್ದಳು. ಅನ್ನ ಕಂಡರೆ ಆಗುವುದಿಲ್ಲ, ಮೈಯೆಲ್ಲ ಸೋತಿದೆ ಎಂದಳು. ನಾನು ಅವಳ ಮುಖ ನೋಡಿದೆ. ಕಣ್ಣಿನ ಬಿಳಿ ಭಾಗ ಪೂರ್ತಿ ಹಳದಿಯಾಗಿತ್ತು.

ಆ ವಾರವೇ ಆರೋಗ್ಯ ಕೇಂದ್ರದ ಸಿಸ್ಟರ್ ಕಾರ್ಖಾನೆಗೆ ಬಂದರು. ಊರಲ್ಲಿ ಅಲ್ಲಲ್ಲಿ ಕಾಮಾಲೆ ಕಾಣಿಸಿದೆ ಎಂದು ಯಂತ್ರಗಳನ್ನು ನಿಲ್ಲಿಸಿ ಎಲ್ಲರನ್ನೂ ಸೇರಿಸಿದರು. "ಇದು ಕೊಳಕು ನೀರಿಂದ ಬರೋದು. ಇವತ್ತು ಕುಡಿದ್ರೆ ನಾಳೆ ಗೊತ್ತಾಗಲ್ಲ, ತಿಂಗಳ ಮೇಲೂ ಮೈಯೊಳಗೆ ಸುಮ್ಮನೆ ಕೂತಿರುತ್ತೆ. ಗಟ್ಟಿ ಇರೋರು ಮಲಗಿ ಎದ್ದರೆ ಹೋಗುತ್ತೆ. ತುಂಬು ಬಸುರಿಗೆ ಬಂದ್ರೆ ಮಾತ್ರ ತಾಯಿ ಮಗು ಎರಡೂ ಜೀವಕ್ಕೆ ಅಪಾಯ. ಇಲ್ಲಿ ಯಾವ ನೀರು ಕುಡೀತೀರಿ?"

ಎಲ್ಲರೂ ಒಟ್ಟಿಗೆ ನಕ್ಕೆವು. "ಇಲ್ಲಿಯ ನೀರಾ ಸಿಸ್ಟರ್? ನಮ್ಮ ಬಿಸಿನೀರಮ್ಮನ್ನ ಕೇಳಿ. ಆಸ್ಪತ್ರೇಲೂ ಇಷ್ಟು ಕುದಿಸಲ್ಲ!" ಎಂದವಳು ನಾನೇ.

ಸಿಸ್ಟರ್ ಒಲೆ ನೋಡಿದರು, ಹಂಡೆ ನೋಡಿದರು, ತಲೆದೂಗಿದರು. "ಹಾಗಾದ್ರೆ ನಿಮ್ಮ ಇಸ್ತ್ರಿಯವರು ಹೊರಗೆಲ್ಲೋ ಕುಡಿದಿರಬೇಕು. ಕಬ್ಬಿನ ಹಾಲು, ಶರಬತ್ತು ಎಲ್ಲ ಬಿಡಿ. ಅದಕ್ಕೆ ಹಾಕೋ ಐಸೇ ದೊಡ್ಡ ವಿಷ. ಮಳೆ ಬಂದಾಗ ಐಸ್ ಮಾಡೋ ಕಡೆ ಬಾವಿಗೆ ಚರಂಡಿ ನುಗ್ಗಿದೆ."

"ಐಸಲ್ಲಿ ಸಾಯಲ್ವಾ ಸಿಸ್ಟರ್?" ಹಿಂದಿನಿಂದ ದೊಡ್ಡಮ್ಮ ಕೇಳಿದಳು. ದನಿ ಅವಳದಲ್ಲ ಎನ್ನಿಸಿತು.

"ಇಲ್ಲಮ್ಮ. ಐಸಲ್ಲಿ ಅವು ಸಾಯಲ್ಲ, ಮಲಗಿರ್ತಾವೆ ಅಷ್ಟೆ. ಕರಗಿದ ತಕ್ಷಣ ಎದ್ದು ಕೂರ್ತಾವೆ."

ದೊಡ್ಡಮ್ಮನ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು. ಬೆವರಿದ ಕೈ, ಜಾರಿತು ಎಂದುಕೊಂಡೆವು. ಅವಳು ಯಾರಿಗೂ ಹೇಳದೆ ಒಲೆ ಆರಿಸಿ ಮನೆಗೆ ಹೋದಳು.

ಅಂದಿನಿಂದ ಅವಳಿಗೆ ಒಂದು ಹುಚ್ಚು ಹತ್ತಿತು. ಬೆಳಗಾಗುವುದೇ ತಡ, ಅತ್ತಿಗೆಯನ್ನು ಕಿಟಕಿಯ ಹತ್ತಿರ ಎಳೆದು, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡುವುದು. ಅಂಗೈ ನೋಡುವುದು, ಉಗುರು ನೋಡುವುದು. ಬಚ್ಚಲಿಗೆ ಹೋಗಿ ಬಂದರೆ ಬಣ್ಣ ಹೇಗಿತ್ತು ಎಂದು ಕೇಳುವುದು. ಅತ್ತಿಗೆ ರೋಸಿಹೋದಳು.

"ಇವರಿಗೆ ಏನಾಗಿದೆ ನೋಡು. ನನ್ನ ಕಣ್ಣಲ್ಲಿ ಇವರೇನು ನಿಧಿ ಹುಡುಕ್ತಿದ್ದಾರಾ?" ಎಂದು ನನ್ನ ಹತ್ತಿರ ದೂರಿದಳು.

"ಮೊಮ್ಮಗು ಯಾರ ಹಾಗಿದೆ ಅಂತ ಇಣುಕಿ ನೋಡ್ತಿರಬೇಕು" ಎಂದೆ. ಇಬ್ಬರೂ ನಕ್ಕೆವು. ಆ ನಗು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ದೊಡ್ಡಮ್ಮ ಊಟ ಬಿಟ್ಟಳು. ಇಸ್ತ್ರಿ ಅಕ್ಕನ ಮನೆಗೆ ದಿನಾ ಗಂಜಿ ಹೊತ್ತುಕೊಂಡು ಹೋಗಿ ಬಾಗಿಲಲ್ಲೇ ಇಟ್ಟು ಬರುವಳು, ಒಳಗೆ ಕಾಲಿಡುವುದಿಲ್ಲ. ನನ್ನನ್ನೂ ಓಣಿಯಲ್ಲಿ ನಿಲ್ಲಿಸಿ ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದಳು. ಹೇಳಿಬಿಟ್ಟರೆ ನಿಜವಾಗಿಬಿಡುತ್ತದೆ, ಹೇಳದಿದ್ದರೆ ತಪ್ಪಿಹೋಗಲೂಬಹುದು ಎನ್ನುವ ಹಾಗೆ ತುಟಿ ಬಿಗಿದುಕೊಂಡೇ ಇದ್ದಳು. ಇತ್ತ ಅತ್ತಿಗೆಗೆ ಸುಸ್ತು ಶುರುವಾಯಿತು. ಊಟ ಸೇರುತ್ತಿರಲಿಲ್ಲ. ಮೈ ಕೆರೆತ. ತಿಂಗಳು ತುಂಬುತ್ತಾ ಬಂದಿದೆ, ಹೀಗೆಲ್ಲ ಆಗುವುದೇ ಎಂದಳು ಅಮ್ಮ. ನಾನೂ ಹಾಗೇ ನಂಬಿದೆ. ದೊಡ್ಡಮ್ಮ ಮಾತ್ರ ಗೋಡೆಗೆ ಒರಗಿ ಸೊಸೆಯನ್ನೇ ನೋಡುತ್ತಿದ್ದಳು. ಕಣ್ಣು ಇನ್ನೂ ಬೆಳ್ಳಗೇ ಇತ್ತು. ಬೆಳ್ಳಗಿದೆ ಅನ್ನುವಷ್ಟು ಬೆಳ್ಳಗೂ ಇರಲಿಲ್ಲ.

ಸಿಸ್ಟರ್ ಬಸುರಿಯರಿರುವ ಮನೆಗಳಿಗೆ ಹೋಗಿ ರಕ್ತ ತೆಗೆದುಕೊಳ್ಳುತ್ತಿದ್ದಾರೆ ಎಂದು ಸುದ್ದಿ ಬಂತು. ಒಂದು ಬೆಳಿಗ್ಗೆ ನಮ್ಮ ಓಣಿಗೂ ಬಂದರು. ನಾನು ಹೊಸ್ತಿಲಲ್ಲಿ ಕೂತು ತಲೆ ಬಾಚುತ್ತಿದ್ದೆ. ಎದುರು ಮನೆಯ ಬಾಗಿಲಲ್ಲಿ ಅತ್ತಿಗೆ ಕಂಬಕ್ಕೆ ಒರಗಿ ನಿಂತಿದ್ದಳು, ಹಿಂದೆ ದೊಡ್ಡಮ್ಮ.

ಸಿಸ್ಟರ್ ದೊಡ್ಡಮ್ಮನನ್ನು ಕಂಡು ನಕ್ಕರು. "ಓ, ನಿಮ್ಮ ಮನೇನಾ! ಸೂಜಿ ಕಡಿಮೆ ತಂದಿದ್ದೀನಿ, ಅನುಮಾನ ಇರೋ ಮನೆಗಳನ್ನ ಮೊದಲು ಮುಗಿಸ್ತೀನಿ. ನಿಮ್ಮ ಮನೆ ನೀರಿನ ಬಗ್ಗೆ ನನಗೆ ಚಿಂತೆ ಇಲ್ಲ" ಎಂದು ಮುಂದಿನ ಬಾಗಿಲಿಗೆ ತಿರುಗಿದರು.

ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಾಚಣಿಗೆ ಹಿಡಿದ ನಾನು ಅವಳ ಮುಖವನ್ನು ನೇರ ನೋಡುತ್ತಿದ್ದೆ. ಅಂಥ ಮುಖವನ್ನು ಮತ್ತೆ ನೋಡುವುದು ಬೇಡ. ಸಿಸ್ಟರ್ ಪಕ್ಕದ ಮನೆಯ ಬಾಗಿಲು ಬಡಿದರು. ಒಳಗಿನಿಂದ ಯಾರೋ ಬಂದೆ ಎಂದರು.

"ಸಿಸ್ಟರ್!"

ಓಣಿಯೇ ತಿರುಗಿ ನೋಡುವಂಥ ಕೂಗು. ದೊಡ್ಡಮ್ಮ ಬರಿಗಾಲಲ್ಲಿ ಇಳಿದು ಬಂದು ಸಿಸ್ಟರ್ ಕೈ ಹಿಡಿದುಕೊಂಡಳು. "ಹೋಗಬೇಡಿ. ನಾನು ಐಸು ಹಾಕಿದೀನಿ. ಗಾಡೀದು. ಇವಳಿಗೂ ಕುಡಿಸಿದೀನಿ, ಕಾರ್ಖಾನೇಲಿ ಎಲ್ಲರಿಗೂ ಕುಡಿಸಿದೀನಿ. ತೊಳೆದೆ ಸಿಸ್ಟರ್, ಕುದಿಸಿದ ನೀರಲ್ಲೇ ತೊಳೆದೆ. ಚೆನ್ನಾಗಿ ತೊಳೆದೆ." ಅಷ್ಟು ಹೇಳಿ ಓಣಿಯ ಮಧ್ಯೆಯೇ ಕೂತುಬಿಟ್ಟಳು.

ನನ್ನ ಗಂಟಲೊಳಗೆ ಆ ತಣ್ಣನೆಯ ನೀರು ಮತ್ತೆ ಇಳಿದಂತಾಯಿತು. ಕೈ ತಾನಾಗಿ ಕಣ್ಣಿಗೆ ಹೋಯಿತು. ಸಿಟ್ಟೂ ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಅತ್ತಿಗೆ ಕಂಬಕ್ಕೆ ಒರಗಿಯೇ ಇದ್ದಳು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಅತ್ತೆಯನ್ನು ನೋಡಿದಳು.

ಸಿಸ್ಟರ್ ಬೈಯಲಿಲ್ಲ, ಬೈಯಲು ಪುರುಸೊತ್ತಿರಲಿಲ್ಲ. ಅಲ್ಲೇ ರಕ್ತ ತೆಗೆದರು, ಅತ್ತಿಗೆಯ ಕಣ್ಣನ್ನು ತಾವೂ ಜಗ್ಗಿ ನೋಡಿದರು, ಫೋನಿನಲ್ಲಿ ಯಾರಿಗೋ ಏನೋ ಹೇಳಿದರು. ಮಧ್ಯಾಹ್ನದೊಳಗೆ ಅತ್ತಿಗೆ ದೊಡ್ಡಾಸ್ಪತ್ರೆಯ ಮಂಚದ ಮೇಲಿದ್ದಳು. ಕಾರ್ಖಾನೆಯ ಹೂಜಿಗಳನ್ನೆಲ್ಲ ಅಂದೇ ಒಡೆದು ಹಾಕಿದರು.

ಆಸ್ಪತ್ರೆಯಲ್ಲಿ ಅವಳ ಕಣ್ಣು ನಮ್ಮೆದುರಿಗೇ ಬಣ್ಣ ತಿರುಗಿತು. ಮೊದಲು ಅಂಚು, ಆಮೇಲೆ ಪೂರ್ತಿ. ಆಮೇಲೆ ಮಾತು ತೊದಲತೊಡಗಿತು. ನನ್ನನ್ನು ನೋಡಿ ಬೇರೆ ಯಾರನ್ನೋ ಕರೆದಳು. ಹಗಲು ಹೊತ್ತಿನಲ್ಲೇ ಎಬ್ಬಿಸಿದರೂ ಏಳದಂಥ ನಿದ್ದೆಗೆ ಜಾರಿದಳು. ಲಿವರ್ ಸೋಲುತ್ತಿದೆ, ವಿಷ ತಲೆಗೆ ಏರುತ್ತಿದೆ, ಮೊದಲೇ ತಂದು ಸೇರಿಸಿದ್ದರಿಂದ ಪ್ರಯತ್ನ ಮಾಡಬಹುದು, ಅಷ್ಟೇ ಹೇಳಬಲ್ಲೆ ಎಂದರು ಡಾಕ್ಟರ್. ಅಣ್ಣ ಲಾರಿಯನ್ನು ಎಲ್ಲೋ ಬಿಟ್ಟು ಓಡಿ ಬಂದಿದ್ದ. ತನ್ನ ತಾಯಿಯ ಮುಖ ನೋಡಲಿಲ್ಲ. ಅವಳೂ ನೋಡು ಎನ್ನಲಿಲ್ಲ. ಫಿನಾಯಿಲ್ ವಾಸನೆಯ ಆ ಉದ್ದನೆಯ ಪಡಸಾಲೆಯಲ್ಲಿ ಮಗ ಆ ತುದಿಯ ಬೆಂಚಿನಲ್ಲಿ, ತಾಯಿ ಈ ತುದಿಯ ನೆಲದ ಮೇಲೆ. ನಾನು ನಡುವೆ ಓಡಾಡಿ ಸತ್ತೆ. ಪಡಸಾಲೆಯ ಕೊನೆಯಲ್ಲಿ ಕುಡಿಯುವ ನೀರಿನ ನಲ್ಲಿಯೊಂದು ತೊಟಿಕ್ಕುತ್ತಿತ್ತು. ಆ ಸದ್ದಿಗೆ ದೊಡ್ಡಮ್ಮ ಪ್ರತಿ ಸಲವೂ ಬೆಚ್ಚುತ್ತಿದ್ದಳು. ಇನ್ನೊಂದು ಮಗುವನ್ನು ನೀರಿಗೇ ಕೊಟ್ಟೆ ಎಂದು ಒಂದೇ ಸಲ ಹೇಳಿದಳು.

ಮಗು ತಿಂಗಳು ತುಂಬುವ ಮೊದಲೇ ಹುಟ್ಟಿತು. ಅಂಗೈಯಗಲದ ಹೆಣ್ಣು ಕೂಸು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅದು ಅಳಲು ಶುರುಮಾಡಿದ ಮೇಲೂ ಅತ್ತಿಗೆ ಕಣ್ಣು ಬಿಟ್ಟಿರಲಿಲ್ಲ. ಉಳಿಯುತ್ತಾಳೋ ಇಲ್ಲವೋ ಎಂದು ನಾವು ಉಸಿರು ಬಿಗಿಹಿಡಿದು ಕೂತ ದಿನಗಳನ್ನು ಎಣಿಸುವ ಧೈರ್ಯ ನನಗೆ ಈಗಲೂ ಇಲ್ಲ. ಒಂದು ಬೆಳಿಗ್ಗೆ ಅವಳು ತುಟಿ ಅಲ್ಲಾಡಿಸಿ ಅಣ್ಣನ ಹೆಸರು ಹಿಡಿದು ಕರೆದಳು, ಸರಿಯಾದ ಹೆಸರು. ಅಣ್ಣ ಎದ್ದು ಪಡಸಾಲೆಯ ಈ ತುದಿಗೆ ಬಂದು ತಾಯಿಯ ಪಕ್ಕ ನೆಲದ ಮೇಲೆ ಕೂತ.

ಇಸ್ತ್ರಿ ಅಕ್ಕ ಎದ್ದು ಓಡಾಡುವ ಹಾಗಾದಳು. ನನ್ನ ಕಣ್ಣು ಹಳದಿಯಾಗಲಿಲ್ಲ. ಎಷ್ಟು ವಾರ ಕನ್ನಡಿಯ ಮುಂದೆ ಜೀವ ಕೈಯಲ್ಲಿ ಹಿಡಿದು ನಿಂತೆ ಎನ್ನುವುದು ನನಗೆ ಗೊತ್ತು. ಕಾರ್ಖಾನೆಯವರು ದೊಡ್ಡಮ್ಮನನ್ನು ಕೆಲಸದಿಂದ ಬಿಡಿಸಲಿಲ್ಲ, ಅವಳೇ ಹೋಗಲಿಲ್ಲ. ಮನೆಯಲ್ಲಿ ನೀರು ಕುದಿಸುವಳು, ಮುಚ್ಚುವಳು, ಅಷ್ಟೆ. ಬಗ್ಗಿಸಿ ಕೊಡಲು ಮಾತ್ರ ಅಮ್ಮನನ್ನೋ ನನ್ನನ್ನೋ ಕರೆಯುವಳು. ತನ್ನ ಕೈಯಿಂದ ಒಬ್ಬರಿಗೂ ಒಂದು ಲೋಟ ನೀರು ಕೊಡಲಿಲ್ಲ.

ಅತ್ತಿಗೆ ಕೂಸಿನ ಜೊತೆ ಮನೆಗೆ ಬಂದದ್ದು ಮತ್ತೊಂದು ಬೇಸಿಗೆ ಕಾಲಿಡುವ ಹೊತ್ತಿಗೆ. ನಡುವೆ ತಾಯಿಮನೆಯಲ್ಲಿದ್ದಳು. ಬರುತ್ತಾಳೋ ಇಲ್ಲವೋ ಎಂಬ ಅನುಮಾನ ನಮಗೆಲ್ಲ ಇತ್ತು, ಬಾಯಿಬಿಟ್ಟು ಹೇಳಿದವರಿಲ್ಲ. ಬಂದಳು. ಕೂಸನ್ನು ಚಾಪೆಯ ಮೇಲೆ ಮಲಗಿಸಿ, ಗೋಡೆಗೆ ಒರಗಿ ಕೂತು, ಸೆರಗಿನಿಂದ ಗಾಳಿ ಬೀಸಿಕೊಂಡಳು. ಬಿಸಿಲು ಹೋದ ವರ್ಷಕ್ಕಿಂತ ಬೇಗ ಬಂದಿತ್ತು. ಗೋಡೆ ಆಗಲೇ ಕಾದಿತ್ತು.

"ಅತ್ತೆ, ನೀರು."

ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ ಕಲ್ಲಾದಳು. "ಲೇ, ನೀನು ಕೊಡು" ಎಂದಳು ನನಗೆ.

ನಾನು ಏಳಹೊರಟೆ. ಅತ್ತಿಗೆ ನನ್ನ ಸೆರಗು ಹಿಡಿದು ಕೂರಿಸಿದಳು. "ಅವಳಲ್ಲ. ನೀವು ಕೊಡಿ."

ದೊಡ್ಡಮ್ಮ ಲೋಟ ತೊಳೆದಳು. ಬಿಸಿನೀರು ಹುಯ್ದು ಚೆಲ್ಲಿದಳು. ಬೆಳಕಿಗೆ ಹಿಡಿದು ನೋಡಿದಳು. ಕುದಿಸಿದ ನೀರು ಬಗ್ಗಿಸಿದಳು. ಮೊದಲು ತಾನು ಒಂದು ಗುಟುಕು ಕುಡಿಯಲೆಂದು ಲೋಟ ಎತ್ತಿ, ಕುಡಿದು ನೋಡಿ ತಿಳಿಯುವಂಥದಲ್ಲವಲ್ಲ ಎಂದು ಹೊಳೆದು, ಹಾಗೇ ನಿಂತಳು.

"ಬಿಸಿ ಇದೆ ಕಣಮ್ಮ. ಆರಿಲ್ಲ."

"ಇರಲಿ ಕೊಡಿ."

ಆ ಶೆಕೆಯಲ್ಲಿ, ಮುಖದ ತುಂಬ ಬೆವರಿಟ್ಟುಕೊಂಡು, ಅತ್ತಿಗೆ ಆ ನೀರನ್ನು ಊದಿ ಊದಿ ಪೂರ್ತಿ ಕುಡಿದಳು. ಲೋಟ ಕೆಳಗಿಟ್ಟಳು. ದೊಡ್ಡಮ್ಮ ಅವಳ ಎದುರಿಗೆ ಕೂತಿದ್ದಳು, ಏನೋ ಬೇಕೆಂದು ಕೇಳಲಾರದವಳ ಹಾಗೆ. ಅತ್ತಿಗೆ ತಾನೇ ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ತನ್ನ ಬೆರಳಿನಿಂದಲೇ ಕಣ್ಣಿನ ಕೆಳರೆಪ್ಪೆ ಜಗ್ಗಿ ಹಿಡಿದಳು.

"ನೋಡಿ."

ದೊಡ್ಡಮ್ಮ ಬಗ್ಗಿದಳು. ತುಂಬ ಹೊತ್ತು ನೋಡಿದಳು. ಬೆಳ್ಳಗಿತ್ತು.

"ನಾಳೇನೂ ನೋಡ್ತೀನಿ" ಎಂದಳು.